ನಾಲ್ಕನೆಯ ಟ್ರ್ಯಾಕ್

ಟೀಶರ್ಟು ಹೆಗಲಿನಲ್ಲಿ ಸಿಕ್ಕಿಕೊಂಡಿತು. ತಲೆ ಬಟ್ಟೆಯೊಳಗೆ, ಕೈಗಳೆರಡೂ ಮೇಲಕ್ಕೆ. ಶರಣಾದವನ ಹಾಗೆ ನಿಂತು ಸುಹಾಸ್ ಹೊಸ ಬಣ್ಣದ ಸೀಮೆಎಣ್ಣೆಯಂಥ ವಾಸನೆಯನ್ನು ಉಸಿರಾಡಿದ.

“ಉಸಿರು ಒಳಗೆ ಎಳ್ಕೊಳ್ರೀ,” ಎಂದಳು ಹೆಂಡತಿ ಧನ್ಯಾ, ಹಿಂದಿನಿಂದ ಜಗ್ಗುತ್ತ.

“ಎಳ್ಕೊಂಡೇ ಇದೀನಿ.”

“ಇದು ಎಳ್ಕೊಂಡಿರೋದಾ?”

ಬಟ್ಟೆ ಇಳಿಯಿತು. ಕನ್ನಡಿಯಲ್ಲಿ ಅವನ ಹೊಟ್ಟೆಯ ಮೇಲೆ ಮೂರು ಮುಖಗಳು ಹಿಗ್ಗಿಕೊಂಡಿದ್ದವು. ನಡುವೆ ಬಾಯಿ ಹರಿಯುವಂತೆ ಕಿರುಚುತ್ತಿರುವ ಅಮಿತಾ. ಅವಳ ಹಿಂದೆ ಡ್ರಮ್ಮಿನ ಕಡ್ಡಿ ಎತ್ತಿದ ಸುಮಿತ್. ಮೂರನೆಯವನು, ಬೇರೆಲ್ಲೋ ನೋಡುತ್ತಿರುವ ತೆಳ್ಳಗಿನ ಹುಡುಗ, ಪಕ್ಕೆಯ ಮಡಿಕೆಯೊಳಗೆ ಅರ್ಧ ಮುಚ್ಚಿಹೋಗಿದ್ದ. ಅದು ತಾನು. ಕೆಳಗೆ ಹಿಂದಿಯಲ್ಲಿ ದಪ್ಪಗೆ: ಗಂದಾ ನಾಲಾ.

“ಕೊಳಚೆ ಚರಂಡಿ ಅಂತ ಹೊಟ್ಟೆ ಮೇಲೆ ಬರ್ಕೊಂಡು ಮೆಟ್ರೋದಲ್ಲಿ ಹೋಗ್ತೀರಾ?”

“ಮೇಲೆ ಸ್ವೆಟರ್ ಹಾಕ್ಕೋತೀನಿ.”

“ಮತ್ತೆ ಇದ್ಯಾಕೆ ಹಾಕ್ಕೊಳ್ಳೋದು?”

ಅವನು ಸ್ವೆಟರ್ ಹುಡುಕತೊಡಗಿದ.

ಗಂದಾ ನಾಲಾ ಅವರ ಬ್ಯಾಂಡಿನ ಹೆಸರು. ಕಾಲೇಜಿನ ಕೊನೆಯ ವರ್ಷ ಮೂವರೂ ಸೇರಿ ಕರೋಲ್ ಬಾಗಿನ ಒಂದು ಸ್ಟುಡಿಯೋದಲ್ಲಿ, ದೇವಿಯ ಭಜನೆಗಳು ರೆಕಾರ್ಡಾಗುತ್ತಿದ್ದ ಕೋಣೆಯಲ್ಲಿ, ಒಂದು ಕ್ಯಾಸೆಟ್ ಮಾಡಿದ್ದರು. ಹೆಸರು ‘ಟೈಪ್ ಫೋರ್’. ಸರ್ಕಾರಿ ಕ್ವಾರ್ಟರ್ಸಿನ ಮನೆಗಳಿಗೆ ದರ್ಜೆಯ ಪ್ರಕಾರ ನಂಬರು. ಅಪ್ಪನಿಗೆ ಬಡ್ತಿ ಸಿಕ್ಕಿದರೆ ಟೈಪ್ ತ್ರೀ ಬಿಟ್ಟು ಟೈಪ್ ಫೋರಿಗೆ. ಸರೋಜಿನಿ ನಗರದಲ್ಲಿ ಅವನು ಬೆಳೆದ ಬ್ಲಾಕಿನಲ್ಲಿ ಮನುಷ್ಯನ ಬಾಳು ಅಷ್ಟೇ ದೂರದ್ದು. ಮೇಲಿನ ಮನೆಯ ಜಗನ್ನಾಥರ ಮಗಳು ಅಮಿತಾ ಗಿಟಾರ್ ಹಿಡಿದು ಅದರ ಮೇಲೆ ಕಿರುಚಿದಳು. ಕರೋಲ್ ಬಾಗಿನಲ್ಲಿ ದೋಸೆಯ ಹೋಟೆಲಿಟ್ಟಿದ್ದ ಜಯಾನಂದ ಅವರ ಮಗ ಸುಮಿತ್ ಡ್ರಮ್ ಬಡಿದ. ಸುಹಾಸ್ ಬೇಸ್ ಗಿಟಾರ್ ನುಡಿಸಿದ. ನಾಲ್ಕು ದಪ್ಪ ತಂತಿಯದು. ಕಿವಿಗಿಂತ ಹೆಚ್ಚಾಗಿ ಹೊಟ್ಟೆಗೆ ಕೇಳಿಸುವಂಥದು.

ಪಂಕ್ ಎಂದರೆ ಇದು ಎಂದು ಕೇಳಿ ತಿಳಿದುಕೊಂಡಿದ್ದರು. ಗಿಟಾರಿನಲ್ಲಿ ಮೂರು ಕಾರ್ಡ್ ಹಿಡಿಯಲು ಬಂದರೆ ಸಾಕು, ಹಾಡಲು ಬರದಿದ್ದರೆ ಇನ್ನೂ ಒಳ್ಳೆಯದು, ನಾಚಿಕೆಯೊಂದು ಇರಕೂಡದು.

ಕ್ಯಾಸೆಟ್ ಯಾರಿಗೂ ಬೇಕಾಗಲಿಲ್ಲ. ಸುಹಾಸ್ ಪರೀಕ್ಷೆ ಬರೆದು ಕೇಂದ್ರ ಸರ್ಕಾರ ಸೇರಿದ. ಈಗ ಡೆಪ್ಯುಟಿ ಸೆಕ್ರೆಟರಿ. ಅವನು ಬರೆಯುವ ಟಿಪ್ಪಣಿಗಳಲ್ಲಿ ‘ಪರಿಶೀಲಿಸಬಹುದಾಗಿದೆ’, ‘ಸೂಕ್ತವೆಂದು ತೋರುತ್ತದೆ’ ಎಂದಿರುತ್ತದೆ. ಯಾರಿಗೆ ತೋರುತ್ತದೆಂಬುದು ಇರುವುದಿಲ್ಲ. ಅದರಲ್ಲಿ ಅವನಿಗೆ ಒಳ್ಳೆಯ ಹೆಸರಿದೆ.

ಆಮೇಲೆ ಯಾರೋ ಆ ಕ್ಯಾಸೆಟ್ಟನ್ನು ಇಂಟರ್‌ನೆಟ್ಟಿಗೆ ಏರಿಸಿದರು. ಯಾರೋ ಅದರ ಬಗ್ಗೆ ಬರೆದರು. ಹಾಗೆ ಬರೆದದ್ದರ ಬಗ್ಗೆ ಮತ್ತೊಬ್ಬರು ಬರೆದರು. ಈಗ ‘ಟೈಪ್ ಫೋರ್’ ಕ್ಲಾಸಿಕ್. ಇವತ್ತು ಮಧ್ಯಾಹ್ನ ಗುರ್‌ಗಾಂವಿನ ಮಾಲಿನಲ್ಲಿ, ಸುಮಿತ್‌ನ ಹೊಸ ರೆಸ್ಟೋರೆಂಟಿನಲ್ಲಿ, ಅದು ದೊಡ್ಡ ಕಪ್ಪು ರೆಕಾರ್ಡಾಗಿ ಬಿಡುಗಡೆಯಾಗಲಿತ್ತು.

ಸುಹಾಸನಿಗೆ ಇದೆಲ್ಲ ಅಸಹ್ಯವಾಗಿತ್ತು. ಆದರೂ ಒಪ್ಪಿಕೊಂಡಿದ್ದ. ಯಾಕೆಂದರೆ ಅವನಿಗೊಂದು ಗುಟ್ಟಿತ್ತು. ಊಟದ ನಂತರ ಕ್ಯಾಬಿನ್ನಿನ ಬಾಗಿಲು ಮುಂದೆ ಮಾಡಿ ಅವನು ಕಿವಿಗೆ ವೈರು ಸಿಕ್ಕಿಸಿ ‘ಟೈಪ್ ಫೋರ್’ ಕೇಳುತ್ತಿದ್ದ. ಅಮಿತಾಳ ಕಿರುಚಾಟದ ಕೆಳಗೆ, ಡ್ರಮ್ಮಿನ ಕೆಳಗೆ, ಒಂದು ಗುಂಯ್‌ಕಾರ ಬಿಡದೆ ಹರಿಯುತ್ತಿತ್ತು. ಮೂರನೆಯ ಹಾಡಿನಲ್ಲಿ ಒಂದು ಕಡೆ ಅದು ಕುಗ್ಗಿ, ಅಂಜಿದ ಹಾಗೆ ನಿಧಾನವಾಗಿ, ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಅಲ್ಲಿಗೆ ಬಂದಾಗಲೆಲ್ಲ ಅವನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದ. ಇದು ನಾನು. ಒಮ್ಮೆ ನಾನು ಹೀಗೆ ಹೆದರಿದ್ದೆ, ಹೆದರಿಯೂ ನಿಲ್ಲಿಸಿರಲಿಲ್ಲ.

ಉಳಿದದ್ದೆಲ್ಲ ಸರ್ಕಾರದ್ದು.

*

ಮೆಟ್ರೋದಲ್ಲಿ ಅವನ ಬಾಯಿಗೆ ಕಫ ಬಂತು. ನವೆಂಬರಿನ ಹೊಗೆ. ಇಡೀ ಬೋಗಿ ಕೆಮ್ಮುತ್ತಿತ್ತು. ಎದುರಿನವನು ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಮೂಗಿನೊಳಗೆ ಬೆರಳಿಟ್ಟು, ಸಿಕ್ಕಿದ್ದನ್ನು ಪರೀಕ್ಷಿಸಿ, ಸೀಟಿನಡಿಗೆ ಒರೆಸಿದ. ಸುಹಾಸ್ ಕಫವನ್ನು ನಾಲಗೆಯ ಮೇಲೆ ಹಿಡಿದುಕೊಂಡೇ ಎರಡು ಸ್ಟೇಷನ್ ದಾಟಿದ. ಆಮೇಲೆ ನುಂಗಿದ.

“ಪಾಪಾ, ನೀವು ಸ್ಟೇಜ್ ಮೇಲೂ ಉಗೀತಿದ್ರಾ?” ಎಂದಳು ತನ್ವಿ. ಮಗಳು ಕಾಲೇಜಿಗೆ ಸೇರಿದ ಮೊದಲ ವರ್ಷ. ಕೂದಲ ಒಂದು ಪಕ್ಕ ಬೋಳಿಸಿಕೊಂಡಿದ್ದಳು.

“ಇಲ್ಲ.”

“ಲೇಕಿನ್ ಅಮಿತಾ ಆಂಟಿ ಉಗೀತಿದ್ರಂತೆ. ಐ ರೆಡ್ ಇಟ್.”

“ಇರಬಹುದು.”

“ನೀವು ಬಹಳ ಕಮ್ಮಿ ಮಾತಾಡ್ತೀರ. ನನ್ನ ಫ್ರೆಂಡ್ಸ್ ಹೇಳ್ತಾರೆ, ಬೇಸ್ ನುಡಿಸೋರೆಲ್ಲ ಹಾಗೇ.”

ಅವಳು ಅವನ ತೋಳಿನೊಳಗೆ ತೋಳು ಸೇರಿಸಿದಳು. ಮೊದಲು ಹೀಗಿರಲಿಲ್ಲ. ಶಾಲೆಯಲ್ಲಿದ್ದಾಗ ಅಪ್ಪ ಏನು ಕೆಲಸ ಮಾಡುತ್ತಾರೆಂದು ಕೇಳಿದರೆ “ಫೈಲ್ಸ್” ಎನ್ನುತ್ತಿದ್ದಳು. ಆ ಕ್ಯಾಸೆಟ್ಟಿನಲ್ಲಿ ಅಪ್ಪನಿದ್ದಾನೆಂದು ಗೊತ್ತಾದ ಮೇಲೆ ಊಟದ ಮೇಜಿನಲ್ಲಿ ಅವನ ಕಡೆ ನೋಡತೊಡಗಿದ್ದಳು. ಆ ನೋಟಕ್ಕಾಗಿಯೇ ಅವನು ಈ ಟೀಶರ್ಟಿನೊಳಗೆ ತೂರಿದ್ದು. ಧನ್ಯಾಳಿಗೆ ಅದನ್ನು ಹೇಳಬಹುದಿತ್ತು.

*

ರೆಸ್ಟೋರೆಂಟಿನ ಬಾಗಿಲಲ್ಲಿ ಸುಮಿತ್‌ನ ಮಗಳು ರಶ್ಮಿತಾ ಅವನ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿದಳು. ಈ ಕಾರ್ಯಕ್ರಮವೆಲ್ಲ ಅವಳದೇ ಏರ್ಪಾಡು.

“ಅಂಕಲ್, ಸ್ವೆಟರ್ ಪ್ಲೀಸ್. ಟೀಶರ್ಟ್ ಕಾಣ್ಬೇಕು.”

ಅವನು ಸ್ವೆಟರ್ ಕಳಚಿದ. ತನ್ವಿ ಅದನ್ನು ಇಸಿದುಕೊಂಡಳು.

ಒಳಗೆ ಗೋಡೆಗಳನ್ನು ಬೇಕೆಂದೇ ಕೆರೆದು ಗಾರೆ ಉದುರಿಸಿದ್ದರು. ಸರ್ಕಾರಿ ಕ್ವಾರ್ಟರ್ಸಿನ ಹಳದಿ ಸುಣ್ಣದ ಬಣ್ಣ. ಅದರ ಮೇಲೆ ತೇವದ ಕಲೆಗಳನ್ನು ಯಾರೋ ಕಲಾವಿದ ಜಾಗ್ರತೆಯಿಂದ ಬರೆದಿದ್ದ. ಕಕ್ಕಸಿನ ಬಾಗಿಲಿನ ಮೇಲೆ ‘ಸೆಕ್ಷನ್ ಆಫೀಸರ್’ ಎಂಬ ಫಲಕ. ಮೆನುವಿನಲ್ಲಿ ಅವರ ಹಾಡುಗಳ ಹೆಸರಿನ ತಿಂಡಿಗಳಿದ್ದವು. ‘ಪಾನಿ ಕಬ್ ಆಯೇಗಾ’ ಎಂದರೆ ಒಂದು ಸೂಪು. ‘ಗಂದಾ ನಾಲಾ’ ಎಂದರೆ ಇದ್ದಿಲ ಪುಡಿ ಬೆರೆಸಿದ ಕಪ್ಪು ಬಿಯರು. ಅದರ ನೊರೆ ಕುಡಿದವರ ತುಟಿಯ ಮೇಲೆ ಮಸಿಯಾಗಿ ಉಳಿಯುತ್ತಿತ್ತು. ಮಸಿಬಾಯಿಗಳು ನಗುತ್ತ ಓಡಾಡುತ್ತಿದ್ದವು. ತುಪ್ಪದ ಬದಲು ಯಾವುದೋ ಅಣಬೆಯೆಣ್ಣೆ ಸುರಿದ ದೋಸೆಯ ವಾಸನೆ ಎಲ್ಲೆಲ್ಲೂ ಇತ್ತು.

“ಬಾ ಮಾರಾಯಾ,” ಎಂದು ಸುಮಿತ್ ತಬ್ಬಿಕೊಂಡ. ಬೆವರಿನ ಮೇಲೆ ಸೆಂಟು. “ಅಪ್ಪ ಇದ್ದಿದ್ರೆ ಓಡಿಸ್ತಿದ್ರು ನಮ್ಮನ್ನ.”

“ಅವರು ಆಗಲೂ ಓಡಿಸಿದ್ರು.”

“ಹೂಂ. ಈಗ ನೋಡು.” ಸುಮಿತ್ ಕೈ ಬೀಸಿ ಎಲ್ಲವನ್ನೂ ತೋರಿಸಿದ. ಸುಹಾಸ್ ನೋಡಿದ.

ಅಮಿತಾ ಬಂದಳು. ಬೂದು ಕೂದಲು, ಖಾದಿ ಸೀರೆ, ಮೃದುವಾದ ಕೈ. ಅವಳೀಗ ಕಂಪನಿಗಳ ಮ್ಯಾನೇಜರುಗಳಿಗೆ ತಮ್ಮೊಳಗಿನ ದನಿಯನ್ನು ಕಂಡುಕೊಳ್ಳುವ ತರಬೇತಿ ಕೊಡುತ್ತಾಳೆ.

“ಚೆನ್ನಾಗಿದೀಯಾ?”

“ಇದೀನಿ. ನೀನು?”

“ನಂಗೆ ಈ ಬಿಯರ್ ವಾಸನೆ ಆಗಲ್ಲ,” ಎಂದು ನಕ್ಕಳು. ನಗು ನಿಜವಾಗಿಯೂ ಒಳ್ಳೆಯದಿತ್ತು. ಅದನ್ನೂ ಅವನಿಗೆ ಸಹಿಸಲಾಗಲಿಲ್ಲ.

*

ವೇದಿಕೆಯ ಮೇಲೆ ಮೂವರನ್ನೂ ಎತ್ತರದ ಸ್ಟೂಲುಗಳ ಮೇಲೆ ಕೂರಿಸಿದರು. ನಾಲ್ಕನೆಯ ಸ್ಟೂಲಿನಲ್ಲಿ ವಿಮರ್ಶಕ. ಪಂಕ್ ಬಗ್ಗೆ ಪುಸ್ತಕ ಬರೆಯುತ್ತಿರುವ, ಸಣ್ಣ ದುಂಡು ಕನ್ನಡಕದ ಮನುಷ್ಯ. ಇಂಗ್ಲಿಷಿನಲ್ಲಿ, ಮೆಲುದನಿಯಲ್ಲಿ ಮಾತಾಡಿದ.

“ಬೇರೆ ದೇಶಗಳಲ್ಲಿ ಪಂಕ್ ಎಂದರೆ ಕೆಲಸ ಸಿಗದ ಹುಡುಗರ ಸಿಟ್ಟು ಎನ್ನುತ್ತಾರೆ. ಈ ಆಲ್ಬಮ್ಮಿನದು ಕೆಲಸ ಸಿಕ್ಕೇಬಿಡುತ್ತದೆಂಬ ಹುಡುಗರ ಭಯ. ಆ ಪ್ರಕಾರದಲ್ಲಿ ‘ಟೈಪ್ ಫೋರ್’ನ ಜಾಗ ಬೇರೆಯದೇ.”

ಸರಿಯಾಗಿ ಹೇಳಿದ, ಎಂದುಕೊಂಡ ಸುಹಾಸ್. ಸರಿಯಾಗಿ ಹೇಳಿದ್ದರಿಂದಲೇ ಆ ಕನ್ನಡಕವನ್ನು ಕಿತ್ತು ತುಳಿಯಬೇಕೆನಿಸಿತು.

“ಆದರೆ ಇದನ್ನು ಶ್ರೇಷ್ಠವಾಗಿಸುವುದು ಅದಲ್ಲ,” ಎಂದ ವಿಮರ್ಶಕ. “ಸುಮಿತ್ ಅವರ ಹಳೆಯ ಗೋಡೌನಿನಲ್ಲಿ ಮೂಲ ಟೇಪು ಸಿಕ್ಕಿದೆ. ಅದರಲ್ಲಿ ನಾಲ್ಕು ಟ್ರ್ಯಾಕ್‌ಗಳು, ಒಂದೊಂದು ವಾದ್ಯಕ್ಕೂ ದನಿಗೂ ಒಂದೊಂದು. ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳೋಣ.”

ದೀಪಗಳು ಮಂದವಾದವು. ಮೊದಲ ಟ್ರ್ಯಾಕ್, ಡ್ರಮ್. ಕರೋಲ್ ಬಾಗಿನ ತಗಡಿನ ಸದ್ದು. ಜನ ಕೂಗಿದರು. ಎರಡನೆಯದು, ಗಿಟಾರ್. ಮೂರನೆಯದು, ಅಮಿತಾಳ ದನಿ. ಇಪ್ಪತ್ತರ ಹುಡುಗಿಯೊಬ್ಬಳು ಬರಿಯ ಕೋಣೆಯಲ್ಲಿ ನೀರು ಯಾವಾಗ ಬರುತ್ತದೆಂದು ಗಂಟಲು ಹರಿಯುವಂತೆ ಕೇಳುತ್ತಿದ್ದಳು. ಅಮಿತಾ ತಲೆ ತಗ್ಗಿಸಿಕೊಂಡಳು.

ಮುಂದಿನದು ತಾನು. ಸುಹಾಸ್ ಸ್ಟೂಲಿನ ಅಂಚು ಹಿಡಿದ. ಇಷ್ಟು ಜನರೆದುರು ಅವನನ್ನು ಒಬ್ಬನನ್ನೇ ಯಾರೂ ಎಂದೂ ಕೇಳಿರಲಿಲ್ಲ. ತನ್ವಿ ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದಿದ್ದಳು.

ನಾಲ್ಕನೆಯ ಟ್ರ್ಯಾಕ್ ಶುರುವಾಯಿತು. ಅಮಿತಾಳ ದನಿ. ಅವೇ ಮಾತು, ಅದೇ ಕಿರುಚು, ಒಂದು ಕೂದಲೆಳೆ ಹಿಂದುಮುಂದಾಗಿ, ಮತ್ತೊಮ್ಮೆ.

ವಿಮರ್ಶಕ ನಿಲ್ಲಿಸಿದ. “ಬೇಸ್ ಎಲ್ಲಿ?”

ಯಾರೋ ನಕ್ಕರು.

“ಕವರಿನ ಮೇಲೆ ಹೆಸರಿದೆ. ಬೇಸ್: ಸುಹಾಸ್. ಫೋಟೋದಲ್ಲಿ ಮುಖವಿದೆ. ಟೇಪಿನಲ್ಲಿ ಮನುಷ್ಯನಿಲ್ಲ! ಹುದ್ದೆ ಮಂಜೂರಾಗಿದೆ, ಕುರ್ಚಿ ಖಾಲಿ ಇದೆ. ಸರ್ಕಾರಿ ಕಾಲೊನಿಯ ಬಗ್ಗೆ ಇದಕ್ಕಿಂತ ಕ್ರೂರವಾದ ಹಾಡು ಯಾರು ಕಟ್ಟಿದ್ದಾರೆ?”

ಚಪ್ಪಾಳೆ ಬಿತ್ತು.

“ಕೆಳಗೆ ಗುಂಯ್ ಎನ್ನುತ್ತಿತ್ತಲ್ಲ, ಅದು ಬೇಸ್ ಎಂದೇ ನಾನೂ ನಂಬಿದ್ದೆ. ಅದು ಸ್ಟುಡಿಯೋ ಹೊರಗಿನ ಗಲ್ಲಿಯ ಡೀಸೆಲ್ ಜನರೇಟರ್. ನಾಲ್ಕೂ ಟ್ರ್ಯಾಕಿನಲ್ಲಿ ಸೋರಿಕೊಂಡಿದೆ. ಕೇಳಿ.”

ಕೇಳಿಸಿದ. ಆ ಗುಂಯ್‌ಕಾರ ರೆಸ್ಟೋರೆಂಟಿನ ಬಿಯರ್ ಲೋಟಗಳನ್ನು ನಡುಗಿಸುತ್ತ ಬಂತು. ಮೂರನೆಯ ಹಾಡಿನಲ್ಲಿ ಒಂದು ಕಡೆ ಕುಗ್ಗಿತು, ಅಂಜಿದ ಹಾಗೆ ನಿಧಾನವಾಯಿತು, ಚೇತರಿಸಿಕೊಂಡಿತು. ಎಲ್ಲೋ ಯಾರೋ ಇಸ್ತ್ರಿಪೆಟ್ಟಿಗೆ ಹಚ್ಚಿರಬೇಕು.

ಸುಹಾಸ್ ಸುಮಿತ್‌ನ ಕಡೆ ನೋಡಿದ. ಸುಮಿತ್ ತನ್ನ ಬೂಟು ನೋಡುತ್ತಿದ್ದ.

“ಇವತ್ತು ನಾನು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ,” ವಿಮರ್ಶಕ ಮೈಕನ್ನು ಅವನ ಬಾಯಿಗೆ ಹಿಡಿದ. “ಅದು ನಿಮ್ಮ ಯೋಚನೆಯೇ? ಬೇಕೆಂದೇ ಮಾಡಿದಿರಾ?”

ಇಲ್ಲ ಎಂದರಾಯಿತು. ಚಿಕ್ಕ ಮಾತು. ಅವನು ಬಾಯಿ ತೆರೆದ. ತನ್ವಿಯ ಫೋನಿನ ಹಿಂದೆ ಅವಳ ಒಂದು ಕಣ್ಣು ಕಾಣಿಸುತ್ತಿತ್ತು.

“ಹೌದು,” ಎಂದ.

“ಯಾಕೆ?”

“ಆ ಜಾಗ ಖಾಲಿ ಇರುವುದು ಸೂಕ್ತವೆಂದು ತೋರಿತು.”

ಇಡೀ ಕೋಣೆ ಎದ್ದು ನಿಂತಿತು. ಮಸಿಬಾಯಿಗಳೆಲ್ಲ ತೆರೆದವು. ತನ್ವಿ ಫೋನ್ ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ಸುಹಾಸನ ಬೆನ್ನುಹುರಿಯಲ್ಲಿ ಬೆಚ್ಚಗೆ ಏನೋ ಏರಿತು. ಅದು ಸುಖವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ, ಬಾಯಿಗೆ ಹುಳಿತೇಗು ಬಂತು.

*

“ನಿಂಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ,” ಎಂದ ಸುಮಿತ್, ವೇದಿಕೆಯ ಹಿಂದಿನ ಕೋಣೆಯಲ್ಲಿ. “ದೇವರಾಣೆ.”

“ನಾನು ನುಡಿಸಿದ್ದೆ. ಅಲ್ಲೇ ಇದ್ದೆ. ಬೆರಳಲ್ಲಿ ರಕ್ತ ಬಂದಿತ್ತು.”

“ನುಡಿಸಿದ್ದೆ ಮಾರಾಯಾ. ಆಮೇಲೆ ಅಮಿತಾ ದನಿ ತೆಳ್ಳಗೆ ಅನ್ನಿಸ್ತು. ಎರಡು ಸಲ ಹಾಕಿದ್ರೆ ದಪ್ಪ ಆಗುತ್ತೆ ಅಂದ ರೆಕಾರ್ಡಿಂಗ್‌ನವನು. ಟ್ರ್ಯಾಕ್ ಖಾಲಿ ಇರ್ಲಿಲ್ಲ. ನಿಂದರ ಮೇಲೆ ಹಾಕಿದ್ವಿ.”

“ಹೇಳಬಹುದಿತ್ತು.”

“ನಿಂಗೆ ಅವತ್ತು ಇಂಟರ್‌ವ್ಯೂ ಇತ್ತು. ಬೇಗ ಹೋಗಿದ್ದೆ.” ಸುಮಿತ್ ಡ್ರಮ್ಮಿನ ಕಡ್ಡಿಗಳನ್ನು ಒಂದಕ್ಕೊಂದು ಉಜ್ಜಿದ. “ಕ್ಯಾಸೆಟ್ ಬಂದ ಮೇಲೆ ನೀನೇ ಕೇಳಿಸ್ಕೊಂಡಿರ್ತೀಯ ಅಂದ್ಕೊಂಡೆ. ಏನೂ ಹೇಳ್ಲಿಲ್ಲ. ದೊಡ್ಡ ಮನಸ್ಸು ಅಂದ್ಕೊಂಡೆ.”

ಅಮಿತಾ ನೀರಿನ ಬಾಟಲಿ ಹಿಡಿದು ನಿಂತಿದ್ದಳು. “ಸುಹಾಸ್, ಮೂರು ವಾರದ ಆಟ ಅದು. ನಮಗೆ ಆಗ ಎಷ್ಟು ವಯಸ್ಸು? ನಾನು ಅದನ್ನ ಆಮೇಲೆ ಒಂದ್ಸಲವೂ ಪೂರ್ತಿ ಕೇಳಿಲ್ಲ.”

“ಒಂದ್ಸಲವೂ?”

“ತಲೆನೋವು ಬರುತ್ತೆ.” ಅವನ ಮುಖ ನೋಡಿ ಅವಳು ತಡೆದಳು. “ನೀನು ಕೇಳ್ತೀಯಾ?”

“ಯಾವಾಗಲಾದರೂ.”

“ಅಚ್ಛಾ,” ಎಂದಳು. ಮ್ಯಾನೇಜರುಗಳಿಗೆ ಹೇಳುವ ದನಿಯಲ್ಲಿ.

ರಶ್ಮಿತಾ ಓಡಿ ಬಂದಳು. ಕೈಯಲ್ಲಿ ಹೊಳೆಯುವ ಹೊಸ ಬೇಸ್ ಗಿಟಾರ್. “ಅಂಕಲ್, ಸೂಪರ್! ಆ ಲೈನ್ ಆಗಲೇ ಎಲ್ಲರೂ ಪೋಸ್ಟ್ ಮಾಡ್ತಿದಾರೆ. ಈಗ ಮೂರು ಹಾಡು. ನೀವೂ ನುಡಿಸಿ. ಕೇಬಲ್ ಮಾತ್ರ ಹಾಕಲ್ಲ, ಸದ್ದು ಬರಲ್ಲ. ಒರಿಜಿನಲ್ ಥರಾನೇ.”

ಇದೇನು ತಮಾಷೆಯೇ ಎಂದು ಅವನು ಅವಳ ಮುಖ ನೋಡಿದ. ತಮಾಷೆಯಾಗಿರಲಿಲ್ಲ. ಭಕ್ತಿಯಾಗಿತ್ತು.

ಅವನು ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿದ.

*

ಮೊದಲ ಹಾಡಿನಲ್ಲಿ ಅವನು ಸರಿಯಾಗಿ ನುಡಿಸಿದ. ಬೆರಳುಗಳಿಗೆ ಎಲ್ಲ ನೆನಪಿತ್ತು. ತಂತಿಗಳು ಕಬ್ಬಿಣದ ಕಸದ ಹಾಗೆ ಟಿಕ್ ಟಿಕ್ ಎಂದವು. ಅಮಿತಾಳ ಕಿರುಚಿನಲ್ಲಿ ಅದು ಅವನಿಗೂ ಕೇಳಿಸಲಿಲ್ಲ. ಅವಳಿಗೆ ಇನ್ನೂ ಕಿರುಚಲು ಬರುತ್ತಿತ್ತು. ಸೀರೆಯುಟ್ಟು, ಕಣ್ಣು ಮುಚ್ಚಿ, ಏನೂ ಅನ್ನಿಸದೆ ಕಿರುಚುತ್ತಿದ್ದಳು, ಜನ ಅಳುತ್ತಿದ್ದರು.

ಎರಡನೆಯ ಹಾಡಿನಲ್ಲಿ ತಪ್ಪು ನುಡಿಸಿ ನೋಡಿದ. ಏನೂ ಆಗಲಿಲ್ಲ. ಬೇರೆ ಹಾಡನ್ನೇ ನುಡಿಸಿದ. ಏನೂ ಆಗಲಿಲ್ಲ. ಕೈ ನಿಲ್ಲಿಸಿದ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಅವನ ನಿಂತ ಕೈಯನ್ನು ತೋರಿಸಿ ಗೆಳತಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ಎದೆಗೆ ಕೈಯಿಟ್ಟುಕೊಂಡಳು.

ಮೂರನೆಯ ಹಾಡಿನ ನಡುವೆ ಅವನು ಗಿಟಾರನ್ನು ನೆಲಕ್ಕಿಟ್ಟು ಇಳಿದು ಹೋದ. ಹಾಡು ಒಂದು ಎಳೆಯೂ ಕಡಿಮೆಯಾಗಲಿಲ್ಲ. ಬೆನ್ನ ಹಿಂದೆ ಹರ್ಷೋದ್ಗಾರ ಎದ್ದಿತು.

ಅಡುಗೆಮನೆ ದಾಟಿದರೆ ಮಾಲಿನ ಹಿಂಭಾಗ. ಇಲ್ಲಿಗೆ ಯಾವ ಕಲಾವಿದನೂ ಬಂದಿರಲಿಲ್ಲ. ತೇವದ ಕಲೆ ಅದಾಗಿಯೇ ಆಗಿತ್ತು. ಹಸಿರು ಡಬ್ಬಿಗಳಲ್ಲಿ ಹುಳಿತ ಸಾಂಬಾರು, ಕೋಳಿಯ ಕರುಳು, ಕಪ್ಪು ನೊರೆ. ಅವನು ಬಗ್ಗಿ, ಎರಡು ಬೆರಳನ್ನು ಗಂಟಲಿಗೆ ತೂರಿಸಿದ. ಕಣ್ಣಲ್ಲಿ ನೀರು ಬಂತು. ಹೊಟ್ಟೆ ಎದ್ದೆದ್ದು ಬಿತ್ತು. ಬೇರೇನೂ ಬರಲಿಲ್ಲ. ಬೆರಳನ್ನು ತನ್ನ ಮುಖದ ಮೇಲೇ, ಟೀಶರ್ಟಿನ ಪಕ್ಕೆಯ ಮಡಿಕೆಯಲ್ಲಿ, ಒರೆಸಿಕೊಂಡ.

“ಪಾಪಾ!”

ತನ್ವಿ ಸ್ವೆಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೆನ್ನೆ ಕೆಂಪಾಗಿತ್ತು. “ಇಳಿದು ಹೋದ್ರಲ್ಲ, ಅದು... ಅದು ಕಮಾಲ್ ಥಾ. ಎಲ್ಲರೂ ನಿಮ್ಮನ್ನೇ ಕೇಳ್ತಿದಾರೆ.”

“ತನ್ವಿ, ಕೇಳು.”

“ಹಾಂ.”

“ನಾನು ಸುಳ್ಳು ಹೇಳಿದೆ. ಬೇಕಂತ ಮಾಡಿದ್ದಲ್ಲ ಅದು. ನಾನು ನುಡಿಸಿದ್ದೆ. ಅವರು ಅಳಿಸಿದ್ರು. ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.”

ಅವಳು ಅವನನ್ನೇ ನೋಡಿದಳು. ಈಗ ಆಯಿತು, ಎಂದುಕೊಂಡ ಅವನು. ಈಗ ಇವಳ ಕಣ್ಣು ಆರುತ್ತದೆ. ಆರಲಿ. ಆರಿದ ಮೇಲೆ ಅಲ್ಲಿ ಉಳಿಯುವುದಾದರೂ ನನ್ನನ್ನು ನೋಡುತ್ತದೆ.

“ಓ ಮೈ ಗಾಡ್,” ಎಂದಳು ತನ್ವಿ ಪಿಸುಮಾತಿನಲ್ಲಿ. “ದಟ್ಸ್ ಈವನ್ ಬೆಟರ್. ಸ್ಟೇಜ್ ಮೇಲೆ ಇಷ್ಟು ಜನರ ಮುಂದೆ ಸುಳ್ಳು! ಪಾಪಾ, ಅದೇ ತೋ ಪಂಕ್.”

“ಅಲ್ಲ. ನಾನು ಹೆದರಿದೆ.”

“ಎಕ್ಸಾಕ್ಟ್ಲಿ,” ಎಂದು ಅವಳು ಅವನನ್ನು ತಬ್ಬಿಕೊಂಡಳು.

ಅವಳ ತಲೆಯ ಬೋಳಿಸಿದ ಭಾಗ ಅವನ ಗಲ್ಲಕ್ಕೆ ಮುಳ್ಳುಮುಳ್ಳಾಗಿ ತಾಕಿತು. ಇನ್ನು ಏನು ಹೇಳಿದರೂ ಅದು ಆ ಹಾಡಿಗೇ ಸೇರುತ್ತದೆ ಎಂದು ಅವನಿಗೆ ಅರ್ಥವಾಯಿತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ನಿಂತ.

*

ಮನೆಯ ಹತ್ತಿರದ ಮಯೂರ್ ವಿಹಾರ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಸೂರ್ಯ ಹೊಗೆಯಲ್ಲಿ ಹಳಸಿದ ಮೊಟ್ಟೆಯ ಹಾಗೆ ತೇಲುತ್ತಿದ್ದ. ದಾರಿಯುದ್ದಕ್ಕೂ ತನ್ವಿ ಫೋನಿನಲ್ಲಿ ಏನೋ ಬರೆಯುತ್ತಲೇ ಇದ್ದಳು. “ಅಮ್ಮಂಗೆ ನಾನೇ ಹೇಳ್ತೀನಿ, ನೀವು ಹೇಳ್ಬೇಡಿ,” ಎಂದು ಗೇಟು ದಾಟಿ ಮುಂದೆ ಓಡಿದಳು.

ಸೊಸೈಟಿಯ ಕಾಂಪೌಂಡಿನ ಮೇಲೆ ಲಂಗೂರ್ ನಿಂತಿತ್ತು. ಬಾಲ್ಕನಿಗಳಿಗೆ ನುಗ್ಗುವ ಕೋತಿಗಳನ್ನು ಹೆದರಿಸಲೆಂದು ಕಮಿಟಿಯವರು ಅಂದೇ ತರಿಸಿದ್ದ ಪ್ಲೈವುಡ್ ಕಟ್‌ಔಟ್. ಆಳೆತ್ತರದ ಕರಿಮುಖದ ಮುಸಿಯ. ಬಾಯಿ ಅಗಲ ತೆರೆದಿತ್ತು. ಹಲ್ಲು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಗೇಟಿನೊಳಗೆ ಬಂದು ತಿರುಗಿ ನೋಡಿದರೆ ಅದಕ್ಕೆ ಬೆನ್ನಿರಲಿಲ್ಲ. ಬೋಳು ಹಲಗೆ, ಒಂದು ಅಡ್ಡಪಟ್ಟಿ, ಗಾಳಿಗೆ ಬೀಳದಿರಲೆಂದು ಇಟ್ಟ ಎರಡು ಇಟ್ಟಿಗೆ.

ಅವನು ಮತ್ತೆ ಗೇಟಿನಾಚೆ ಬಂದು ನಿಂತ. ಕೋತಿಗಳು ಬಂದಿದ್ದವು. ಒಂದು ಅದರ ಬುಡದಲ್ಲಿ ಕೂತು ಯಾರದೋ ಮನೆಯ ರೊಟ್ಟಿ ಹರಿದು ತಿನ್ನುತ್ತಿತ್ತು. ಮರಿಯೊಂದು ಆ ತೆರೆದ ಬಾಯಿಯೊಳಗೆ ಬೆರಳಿಟ್ಟು, ಹಲ್ಲುಗಳನ್ನು ಉಗುರಿನಿಂದ ಕೆರೆದು, ಬೇಸರವಾಗಿ ಬಿಟ್ಟಿತು. ದೊಡ್ಡ ಗಂಡೊಂದು ಹಲಗೆಯ ನೆತ್ತಿಗೇರಿ, ಕುಕ್ಕರಿಸಿ, ಸುಹಾಸನನ್ನೇ ನೋಡುತ್ತ ಮೂತ್ರ ಮಾಡತೊಡಗಿತು.

ಅದು ಕರಿಮುಖದ ಮೇಲೆ ಇಳಿಯಿತು. ಕಣ್ಣುಗಳ ಮೇಲೆ, ಆಮೇಲೆ ಹಲ್ಲುಗಳ ಮೇಲೆ. ಗೇಟಿನ ಬಳಿ ನಿಂತು ಸುಹಾಸ್ ಕಾದ. ಬಾಯಿ ಹಾಗೆಯೇ ತೆರೆದಿತ್ತು.